ಹದಿಮೂರನೆಯ ಮನೆ

ತೋಡೂರಿನ ಕಾಲನಿಯಲ್ಲಿ ಗಂಗೂನ ಮನೆ ಯಾವುದೆಂದು ಕೇಳಿದರೆ ಯಾರೂ ಪ್ಲಾಟಿನ ನಂಬರು ಹೇಳುವುದಿಲ್ಲ. ಬಾಯಿ ಜೋರಾಗಿ ಕೇಳುವ ಕಡೆ ಹೋಗಿ ಅನ್ನುತ್ತಾರೆ. ಅದೇನೂ ಸುಳ್ಳಲ್ಲ. ಅರವತ್ಮೂರರ ಗಂಗೂ ಹಿತ್ತಲಲ್ಲಿ ಕೋಳಿ ಓಡಿಸಿದರೆ ಹೆದ್ದಾರಿಯಲ್ಲಿ ಬಸ್ಸಿಗೆ ಕಾಯುತ್ತಿರುವವರು ಹಿಂತಿರುಗಿ ನೋಡುತ್ತಾರೆ. ಆದರೆ ಬಾಯಿಯ ಮಾತು ಮಾತ್ರ ಆಡಿ ಕೈಯ ಮಾತು ಬಿಟ್ಟರೆ ಅನ್ಯಾಯವಾದೀತು. ಹತ್ತೊಂಬತ್ತು ವರ್ಷ ಶಾಲೆಯಲ್ಲಿ ಬಿಸಿಯೂಟ ಬೇಯಿಸಿದ ಕೈ ಅದು. ನೂರಿಪ್ಪತ್ತು ಮಕ್ಕಳ ಸಾರಿಗೆ ಅಳತೆಯಿಲ್ಲದೆ ಉಪ್ಪು ಹಾಕುತ್ತಿದ್ದಳು, ಒಂದು ದಿನವೂ ಹೆಚ್ಚುಕಡಿಮೆ ಆಗಲಿಲ್ಲ. ಆಕೆಯ ಸಾರು ಉಂಡು ದೊಡ್ಡವರಾದವರಲ್ಲಿ ಈಗ ಪೊಲೀಸರಿದ್ದಾರೆ, ನರ್ಸುಗಳಿದ್ದಾರೆ; ದಾರಿಯಲ್ಲಿ ಸಿಕ್ಕರೆ ಗಾಡಿ ನಿಲ್ಲಿಸಿ ಮಾತಾಡಿಸದೆ ಹೋಗುವುದಿಲ್ಲ.

ಅವಳು ಹುಟ್ಟಿದ್ದು ಕಡಲ ದಂಡೆಯ ಒಂದು ಊರಿನಲ್ಲಿ. ಆ ಊರು ಈಗ ನೌಕಾನೆಲೆಯ ಬೇಲಿಯೊಳಗಿದೆ. ಇಪ್ಪತ್ತಕ್ಕೆ ಅಂಕೋಲೆ ಕಡೆಯ ಅವರ್ಸೆಗೆ ಮದುವೆಯಾಗಿ ಹೋದಳು. ಆರೇ ವರ್ಷಕ್ಕೆ ಗಂಡ ಕಾಮಾಲೆಯಲ್ಲಿ ತೀರಿಕೊಂಡ. ಮೂರು ವರ್ಷದ ಮಗಳು ರಂಜನಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕೈಯಲ್ಲೊಂದು ಟ್ರಂಕು ಹಿಡಿದು ತವರಿಗೆ ಬಂದಳು. ಅಣ್ಣ ರಾಮನಾಥ ಬಾಗಿಲು ತೆಗೆದ. ಬೇಡ ಅನ್ನಲಿಲ್ಲ, ಮುಖ ಸಣ್ಣ ಮಾಡಲಿಲ್ಲ. ಆದರೂ ಗಂಗೂ ಮೂರನೆಯ ದಿನವೇ ಹಿತ್ತಲಿನ ಮಾಡಿನಡಿ ಮೂರು ಕಲ್ಲಿಟ್ಟು ಬೇರೆ ಒಲೆ ಹಚ್ಚಿದಳು.

"ದಾದಾ, ನಿನ್ ಮನೇಲಿ ಇರ್ತೆ. ನಿನ್ ಅನ್ನ ಉಣ್ಣೂದಿಲ್ಲ."

ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಸಿಟ್ಟು ನೆತ್ತಿಗೇರಿತು. ಊರಿಗೆ ನಗಲೊಂದು ವಿಷಯ ಸಿಕ್ಕಿತು. ಗಂಗೂ ಗೇರುಬೀಜ ಒಡೆದು, ಕಂಡವರ ಗದ್ದೆ ನೆಟ್ಟು, ಆ ಒಲೆ ಆರದಂತೆ ನೋಡಿಕೊಂಡಳು.

ನೌಕಾನೆಲೆಗಾಗಿ ಊರು ಬಿಡಬೇಕಾಗಿ ಬಂದಾಗ ಮನೆಮನೆ ಬರೆದುಕೊಳ್ಳಲು ಬಂದ ಸರ್ಕಾರದವರು ಆ ಒಲೆಯನ್ನು ನೋಡಿದರು. ಒಲೆ ಬೇರೆ, ರೇಷನ್ ಕಾರ್ಡು ಬೇರೆ, ಹಾಗಾದರೆ ಸಂಸಾರವೂ ಬೇರೆ ಎಂದು ಬರೆದುಕೊಂಡರು. ಹಾಗೆ ಗಂಗೂನ ಹೆಸರಿಗೇ ಒಂದು ಪ್ಲಾಟು ಬಂತು. ರಾಮನಾಥನ ಕುಟುಂಬ ದೊಡ್ಡದು. ಅಣ್ಣತಮ್ಮಂದಿರು, ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳು ಸೇರಿ ಹನ್ನೆರಡು ಮನೆ. ಹನ್ನೆರಡೂ ಕಾಲನಿಯ ಒಂದೇ ಬದಿಗೆ ಬಂದವು. ಅವುಗಳ ತುದಿಗೆ ಗಂಗೂನದು ಹದಿಮೂರನೆಯದಾಯಿತು. ಈ ವರ್ಷ ಗೋಡೆ, ಮುಂದಿನ ವರ್ಷ ಬಾಗಿಲು ಎಂದು ನಿಧಾನಕ್ಕೆ ಎಬ್ಬಿಸಿದಳು. ಸ್ಲ್ಯಾಬ್ ಹಾಕಿದ ದಿನ ಸೆರಗು ಸಿಕ್ಕಿಸಿಕೊಂಡು ತಾನೇ ಕಾಂಕ್ರೀಟಿನ ಬಾಂಡ್ಲಿ ಹೊತ್ತಳು.

ಅವಳ ಬದುಕಿನಲ್ಲಿ ಸಿಗದೆ ಉಳಿದದ್ದು ಒಂದೇ, ಚೌತಿಯ ಗಣಪತಿ.

ಈ ಹನ್ನೆರಡು ಮನೆಗೆ ಗಣಪತಿ ಒಬ್ಬನೇ. ಹೊಲ ಪಾಲಾಯಿತು, ಪಾತ್ರೆ ಪಾಲಾಯಿತು, ಗಣಪತಿಯನ್ನು ಪಾಲು ಮಾಡಲು ಯಾರಿಗೂ ಧೈರ್ಯ ಬರಲಿಲ್ಲ. ಹಳೆಯ ಊರಿನಲ್ಲಿ ದೊಡ್ಡಮನೆಯಲ್ಲಿ ಕೂರುತ್ತಿದ್ದ. ಕಾಲನಿಗೆ ಬಂದ ಮೇಲೆ ದೊಡ್ಡಮನೆ ಎಂಬುದೇ ಇಲ್ಲವಾಗಿ, ವರ್ಷಕ್ಕೊಂದು ಮನೆಯಂತೆ ಪಾಳಿ ಗೊತ್ತು ಮಾಡಿಕೊಂಡರು. ಪಾಳಿಯ ಮನೆಯವರು ನಾಗರಪಂಚಮಿಗೆ ಕುಟುಂಬದ ಮರದ ಮಣೆಯನ್ನು ವೀಳ್ಯ, ತೆಂಗಿನಕಾಯಿಯ ಜೊತೆ ಗುಡಿಗಾರ ಮಾಬ್ಲೇಶ್ವರನಿಗೆ ಮುಟ್ಟಿಸಬೇಕು. ಅವನು ಅದೇ ಮಣೆಯ ಮೇಲೆ ಮಣ್ಣಿನ ಮೂರ್ತಿ ಮಾಡುತ್ತಾನೆ. ಚೌತಿಯ ದಿನ ಹನ್ನೆರಡು ಮನೆಯ ಒಲೆ ಆರಿಸಿ ಅರವತ್ತು ಜನ ಒಂದೇ ಕಡೆ ಉಣ್ಣುತ್ತಾರೆ. ವರ್ಷವಿಡೀ ಬೇಲಿಗೆ, ನಲ್ಲಿ ನೀರಿಗೆ ಜಗಳಾಡಿದವರು ಅವತ್ತು ಒಬ್ಬರ ಎಲೆಗೆ ಒಬ್ಬರು ಪಾಯಸ ಬಡಿಸುತ್ತಾರೆ.

ಪಾಳಿಯ ಮನೆಗೆ ಒಂದು ಗುರುತಿದೆ. ಗಣಪತಿಯ ತಲೆಯ ಮೇಲೆ ಕಾಯಿ ಹಣ್ಣುಗಳ ಫಲಾವಳಿ ಕಟ್ಟಬೇಕಲ್ಲ, ಅದರ ಮರದ ಚೌಕಟ್ಟು ತೂಗಲು ಪಡಸಾಲೆಯ ಸ್ಲ್ಯಾಬಿನಲ್ಲಿ ನಾಲ್ಕು ಕಬ್ಬಿಣದ ಕೊಕ್ಕೆ. ಹನ್ನೆರಡು ಮನೆಯಲ್ಲೂ ಇವೆ. ಗಂಗೂನ ಪಡಸಾಲೆಯಲ್ಲಿ ಇದ್ದದ್ದು ಫ್ಯಾನಿನ ಕೊಕ್ಕೆಯೊಂದೇ. ಸ್ಲ್ಯಾಬಿನ ದಿನ, ಕಾಂಕ್ರೀಟು ಇನ್ನೂ ಹಸಿಯಿರುವಾಗ, ಕೇಳಿದ್ದಳು.

"ದಾದಾ, ಇಲ್ಲೂ ನಾಕು ಕೊಕ್ಕೆ ಹಾಕ್ಸುವಾ?"

"ನೀ ಕೊಟ್ಟ ಹೆಣ್ಣು ಗಂಗೂ. ನಿನ್ ಕುಲ ಬೇರೆ ಆಯ್ತು. ಪಾಳಿ ಗಂಡುಮಕ್ಳ ಮನೆಗೆ," ಅಂದಿದ್ದ ರಾಮನಾಥ. ಮನಸ್ಸಿನಲ್ಲಿ ವಿಷವಿಟ್ಟುಕೊಂಡು ಹೇಳಿದ್ದಲ್ಲ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂದಷ್ಟೇ ಸಲೀಸಾಗಿ ಹೇಳಿದ್ದ. ಗಂಗೂ ಮತ್ತೆ ಕೇಳಲಿಲ್ಲ. ಅಷ್ಟು ದೊಡ್ಡ ಬಾಯಿಯವಳು ಈ ಒಂದು ಮಾತನ್ನು ಇಪ್ಪತ್ತು ವರ್ಷ ನುಂಗಿಕೊಂಡೇ ಇದ್ದಳು.

ಮಜಾ ಏನೆಂದರೆ, ಫಲಾವಳಿ ಕಟ್ಟುತ್ತಿದ್ದವಳು ಅವಳೇ. ತವರಿಗೆ ಬಂದ ವರ್ಷದಿಂದ ಮೂವತ್ತೇಳು ಚೌತಿ. ಅಡಿಕೆಯ ಸಿಂಗಾರ ನಡುವೆ ಬರಬೇಕು, ತೆಂಗಿನ ಗೊಂಚಲು ನಾಲ್ಕು ಮೂಲೆಗೆ, ಅಂಬಟೆಕಾಯಿ, ಮಾದಲ, ಸೌತೆ, ಹಾಗಲ ಸಾಲಾಗಿ, ಅಂಚಿಗೆ ಗೌರಿಹೂ. ಯಾರ ಪಾಳಿಯೇ ಇರಲಿ, ಸ್ಟೂಲಿನ ಮೇಲೆ ನಿಂತು ಬಾಳೆಯ ನಾರು ಬಿಗಿಯುವವಳು ಗಂಗೂ. ಕಟ್ಟಿ ಮುಗಿಸಿ, ಕೆಳಗಿಳಿದು, ಸೆರಗಿಗೆ ಕೈ ಒರೆಸಿಕೊಂಡು ಬೇರೆಯವರ ಪಡಸಾಲೆಯಲ್ಲಿ ನಿಂತು ನೋಡುತ್ತಿದ್ದಳು.

ಹೋದ ಚೌತಿಯ ಪಾಳಿ ರಾಮನಾಥನದಾಗಿತ್ತು. ಎಪ್ಪತ್ತು ತುಂಬಿದ, ಲೈನ್‌ಮ್ಯಾನ್ ಕೆಲಸದಿಂದ ನಿವೃತ್ತನಾದ ಮನುಷ್ಯ. ಸರದಿಯಲ್ಲಿ ಹಿರಿಯನ ಮನೆಯೇ ಮೊದಲು. ಎರಡು ಸುತ್ತು ಮುಗಿದು ಮೂರನೆಯದು ಅವನಿಂದ ಸುರುವಾಗಬೇಕು. ಇದು ನನ್ನ ಕಡೆಯ ಪಾಳಿ ಎಂದು ಬಂದವರಿಗೆಲ್ಲ ಹೇಳಿಕೊಂಡು ಮನೆಗೆ ಬಣ್ಣ ಹೊಡೆಸಿದ್ದ. ಮಗ ಸಂದೇಶನ ಹೆಂಡತಿ ನಮಿತಾ ತುಂಬು ಗರ್ಭಿಣಿ. ಡಾಕ್ಟರು ಕೊಟ್ಟ ತಾರೀಕಿಗೆ ಚೌತಿ ಕಳೆದು ಇಪ್ಪತ್ತು ದಿನ ಇತ್ತು. ರಾಮನಾಥ ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಮೂರು ಸಲ ಎಣಿಸಿ ನೆಮ್ಮದಿಯಾಗಿದ್ದ. ಕೂಸು ಕ್ಯಾಲೆಂಡರ್ ನೋಡಲಿಲ್ಲ. ಚೌತಿಗೆ ಎರಡು ದಿನವಿದೆ ಅನ್ನುವಾಗ, ಬೆಳಗಿನ ಜಾವ ಕಾರವಾರದ ಆಸ್ಪತ್ರೆಯಲ್ಲಿ ಹುಟ್ಟಿಬಿಟ್ಟಿತು.

ಮನೆಯಲ್ಲಿ ಕೂಸು ಹುಟ್ಟಿದರೆ ಆ ಕುಲದ ಎಲ್ಲ ಮನೆಗೂ ಹತ್ತು ದಿನ ಅಮೆ. ದೇವರನ್ನು ಮುಟ್ಟುವ ಹಾಗಿಲ್ಲ. ಆದರೆ ಅಮೆ ತಾಗುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಹಿಂದೆಲ್ಲ ಇಂಥ ಹೊತ್ತಿನಲ್ಲಿ ಹಿರಿಯರು ಸುದ್ದಿಯನ್ನೇ ಎರಡು ದಿನ ಅಂಗಳದ ದಣಪೆಯಾಚೆ ನಿಲ್ಲಿಸುತ್ತಿದ್ದರು. ರಾಮನಾಥ ಎದ್ದು, ಹಲ್ಲುಜ್ಜಿ, ಮಗನಿಗೆ ಹಾಗೆ ಹೇಳೋಣವೆಂದು ಫೋನು ತೆಗೆದರೆ ಸಂದೇಶ ಆರು ಗಂಟೆಗೇ ಕುಟುಂಬದ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದ. ಹೆಣ್ಣು ಕೂಸು, ತಾಯಿ ಮಗು ಆರಾಮ ಎಂದು ಬರೆದಿದ್ದ. ಅದರ ಕೆಳಗೆ ನಲವತ್ತು ಜನರ ಕೆಂಪು ಹೃದಯ.

"ನಾಡದು ಸಂಜಿ ತನ್ಕ ಬಾಯಿ ಮುಚ್ಕಂಡಿದ್ರೆ ನಿನ್ ಗಂಟು ಹೋಗ್ತಿತ್ತನೋ?" ರಾಮನಾಥ ಫೋನಿನಲ್ಲೇ ಹರಿಹಾಯ್ದ.

"ಖುಷೀಲಿ ಹಾಕ್ದೆ ಅಪ್ಪಾ. ಈಗ ಡಿಲೀಟ್ ಮಾಡ್ಲಾ?"

"ನಲವತ್ತು ಜನ ನೋಡಿ ಆಯ್ತಲ ಮಾರಾಯಾ!"

ಹನ್ನೆರಡೂ ಮನೆಗೆ ಒಂದೇ ಏಟಿಗೆ ಅಮೆ ಬಂದು ಕೂತಿತು. ಊರು ಬಿಟ್ಟ ವರ್ಷ ತಾಡಪಾಲು ಕಟ್ಟಿದ ಅರ್ಧ ಗೋಡೆಯ ನಡುವೆಯೂ ತಪ್ಪದ ಗಣಪತಿ, ಹಿರಿಯನ ಪಾಳಿಯಲ್ಲಿ ತಪ್ಪುವ ಹಾಗಾಯಿತು. ರಾಮನಾಥ ಪುರೋಹಿತ ಅನಂತಪದ್ಮನಾಭ ಭಟ್ಟರಿಗೆ ಫೋನು ಹಚ್ಚಿದ. ಭಟ್ಟರು ಎಲ್ಲ ಕೇಳಿಸಿಕೊಂಡು, "ನಿಮ್ಮ ಕುಲದವರು ಯಾರೂ ಮಾಡುವ ಹಾಗಿಲ್ಲ. ಆದರೆ ಕೊಟ್ಟ ಹೆಣ್ಣುಮಕ್ಕಳಿಗೆ ಈ ಅಮೆ ಇಲ್ಲವಲ್ಲ. ನಿಮ್ಮ ತಂಗಿ ಅಲ್ಲೇ ಇದ್ದಾಳೆ. ಅವಳ ಮನೆಯಲ್ಲಿ ಕೂರಿಸಿ, ನಾನು ಒಂದು ಗಂಟೆಗೆ ಬಂದು ಪೂಜೆ ಮಾಡಿಕೊಡುತ್ತೇನೆ" ಅಂದರು.

ರಾಮನಾಥ ಬಂದಾಗ ಗಂಗೂ ಅಂಗಳದಲ್ಲಿ ಕೂತು ಮೊಮ್ಮಗಳ ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದಳು. ಅವನು ಗೇಟಿನ ಹೊರಗೇ ನಿಂತ.

"ಗಂಗೂ, ಈ ಸಲ ನಿನ್ ಮನೇಲಿ ಕೂರ್ಸುವಾ ಅಂತ. ಒಂದು ವರ್ಷದ ಮಟ್ಟಿಗೆ. ಭಟ್ರು ಅಡ್ಡಿಲ್ಲ ಅಂದ್ರು."

ಗಂಗೂ ಫೋನು ಕೆಳಗಿಟ್ಟಳು. ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಒಂದು ವರ್ಷದ ಮಟ್ಟಿಗೆ ಅನ್ನುವುದು ಹಲ್ಲಿಗೆ ಸಿಕ್ಕ ಕಲ್ಲಿನಂತೆ ಕಟುಕ್ಕೆಂದಿತು.

"ನನ್ ಮನೆ ಯಾಕೆ ದಾದಾ?"

"ನಿಂಗೆ ಅಮೆ ಇಲ್ವಲ್ಲ."

"ಯಾಕಿಲ್ಲ?"

ರಾಮನಾಥ ಗೇಟಿನ ಕಂಬಿ ಕೆರೆದ. "ನಿನ್ ಕುಲ ಬೇರೆ ಅಲ್ವನೇ."

"ಹೌದಲ. ಕುಲ ಬೇರೆ ಅಂತ್ಲೇ ಇಪ್ಪತ್ತು ವರ್ಷ ಹೊರಗಿಟ್ರಿ. ಈಗ ಕುಲ ಬೇರೆ ಅಂತ್ಲೇ ಹುಡುಕಿಕಂಡು ಬಂದ್ರಿ." ಗಂಗೂ ಎದ್ದು ನಿಂತಳು. "ಒಂದು ವರ್ಷಕ್ಕಾದ್ರೆ ಬ್ಯಾಡ ದಾದಾ. ಪಾಳಿ ಆಗಿ ಬರೂದಾದ್ರೆ ಬರ್ಲಿ. ಹನ್ನೆರಡು ಮನೆ ಆದ್ಮೇಲೆ ಹದಿಮೂರ್ನೇದು ನಂದು. ನನ್ನ ನಂತ್ರ ರಂಜನಾಂದು."

"ಹನ್ನೊಂದು ಮನೆಯವ್ರನ್ನ ಕೇಳ್ದೆ ನಾ ಹ್ಯಾಂಗೆ ಹೇಳ್ಲೇ?"

"ಕೇಳು. ಯಾರೂ ಮುಂಬಯಿಲಿ ಇಲ್ಲ, ನಾಕು ಹೆಜ್ಜೆ."

ಅವನು ತಿರುಗಿ ಹೋದ. ಅವನ ಬೆನ್ನು ಮರೆಯಾಗುವವರೆಗೆ ಗಂಗೂ ಸೊಂಟಕ್ಕೆ ಕೈಯಿಟ್ಟೇ ನಿಂತಿದ್ದಳು. ಆಮೇಲೆ ಮೆಟ್ಟಿಲ ಮೇಲೆ ಕೂತಳು. ಶಿರವಾಡದಲ್ಲಿರುವ ಮಗಳಿಗೆ ಅಷ್ಟರಲ್ಲಿ ಸುದ್ದಿ ಮುಟ್ಟಿತ್ತು.

"ಆಯೀ, ನಿಂಗೆ ತಲೆ ಸಮ ಅದ್ಯಾ? ದೇವ್ರ ಹತ್ರ ಹಟ ಮಾಡೂದಾ?"

"ದೇವ್ರ ಹತ್ರ ಅಲ್ವೇ, ದಾದಾನ ಹತ್ರ."

ಹೇಳುವಾಗ ಗಟ್ಟಿಯಾಗಿಯೇ ಹೇಳಿದಳು. ಫೋನಿಟ್ಟ ಮೇಲೆ ಯೋಚನೆ ಹತ್ತಿತು. ಅವರು ಒಪ್ಪದಿದ್ದರೆ? ಗಣಪತಿ ಮಾಬ್ಲೇಶ್ವರನ ಅಟ್ಟದಲ್ಲೇ ಉಳಿದರೆ? ಗಂಗೂನ ಬಾಯಿಂದಾಗಿ ತಪ್ಪಿತು ಎಂದು ಆಗ ಹುಟ್ಟಿದ ಕೂಸು ಮುದುಕಿಯಾಗುವ ತನಕ ಆಡಿಕೊಳ್ಳುತ್ತಾರೆ. ಆ ಇಡೀ ದಿನ ಅವಳಿಗೆ ಅನ್ನ ಸೇರಲಿಲ್ಲ. ಸಂಜೆಯ ಹೊತ್ತಿಗೆ ಒಂದು ತೀರ್ಮಾನಕ್ಕೆ ಬಂದಳು. ನಾಳೆ ಮಧ್ಯಾಹ್ನದ ತನಕ ಕಾಯುವುದು. ಉತ್ತರ ಬಾರದಿದ್ದರೆ ತಾನೇ ಹೋಗಿ, ಆಯಿತು, ಒಂದು ವರ್ಷಕ್ಕೇ ಆಗಲಿ ಎಂದು ತಲೆ ತಗ್ಗಿಸುವುದು. ಗಂಗೂ ಸೋಲಲು ತಯಾರಾಗಿದ್ದಳು ಎಂಬುದು ಕಾಲನಿಯಲ್ಲಿ ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಮರುದಿನ ಹತ್ತು ಗಂಟೆಗೆ ಎಲೆಕ್ಟ್ರಿಷಿಯನ್ ಬೀರಾ ಏಣಿ ಹೊತ್ತುಕೊಂಡು ಬಂದ. ಅವನು ಈ ಕುಟುಂಬದವನಲ್ಲ, ಹಾಗಾಗಿ ಅಮೆಯ ತಾಪತ್ರಯವಿಲ್ಲ. ಗಂಗೂಗೆ ಒಂದು ಮಾತೂ ಹೇಳದೆ ಪಡಸಾಲೆಗೆ ನುಗ್ಗಿ ಏಣಿ ನಿಲ್ಲಿಸಿ, ಡ್ರಿಲ್ ಮಷೀನಿನ ವೈರು ಬಿಚ್ಚಿದ. ಹೊರಗೆ ನೋಡಿದರೆ ರಾಮನಾಥ. ಅವನ ಹಿಂದೆ ಹನ್ನೊಂದು ಮನೆಯ ಯಜಮಾನರು ಬೇಲಿಯುದ್ದಕ್ಕೂ ನಿಂತಿದ್ದಾರೆ. ಯಾರೂ ಗೇಟು ದಾಟಲಿಲ್ಲ.

"ಬೀರಾ, ಗೋಡೆಯಿಂದ ಎರಡು ಮೊಳ ಬಿಡು. ಚೌಕಟ್ಟು ತಿರುಗೂಕೆ ಜಾಗ ಬೇಕು," ರಾಮನಾಥ ಹೊರಗಿನಿಂದಲೇ ಕೂಗಿದ.

"ಯಂತದು ದಾದಾ ಇದು?"

"ಕಾಣೂದಿಲ್ವಾ? ಕೊಕ್ಕೆ. ಒಂದು ವರ್ಷದ ಗಣಪತಿಗೆ ಯಾರಾದ್ರೂ ಸ್ಲ್ಯಾಬಿಗೆ ತೂತು ಹೊಡೀತ್ರಾ?"

ಗಂಗೂ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬೇಲಿಯ ಆಚೆಯಿಂದ ಸುದ್ದಿ ತುಂಡುತುಂಡಾಗಿ ಬಂತು. ಇಬ್ಬರು ಒಪ್ಪಿರಲಿಲ್ಲವಂತೆ, ನಾಳೆ ಎಲ್ಲರ ಮನೆಯ ಹೆಣ್ಣುಮಕ್ಕಳೂ ಪಾಳಿ ಕೇಳುತ್ತಾರೆ ಎಂದರಂತೆ. ಅವರ ಬಾಯಿ ಮುಚ್ಚಿಸಿದ್ದು ಬೇರೆ ಯಾರೂ ಅಲ್ಲ, ಒಲೆಯ ವಿಷಯಕ್ಕೆ ಸಿಟ್ಟಾಗಿದ್ದ ಅದೇ ವೈನಿ. "ಮೂವತ್ತೇಳು ವರ್ಷ ಅವ್ಳ ಕೈಲಿ ಫಲಾವಳಿ ಕಟ್ಸಿಕಂಡ್ರಿ. ಆಗ ಅವ್ಳ ಕುಲ ಯಾವ್ದಂತ ಒಬ್ರೂ ಕೇಳ್ಲಿಲ್ಲ," ಅಂದಳಂತೆ.

"ಹದಿಮೂರ್ನೇದು ನಂದಾ ಹಾಂಗಾದ್ರೆ?" ಗಂಗೂ ಕೇಳಿದಳು.

"ಅಲ್ಲ." ರಾಮನಾಥ ಕೆಮ್ಮಿದ. "ಈ ಸಲದ್ದು ನನ್ ಪಾಳಿ. ಅದನ್ನ ಕೊಡೂ ಹಕ್ಕು ನಂಗಿದೆ, ನಿಂಗೆ ಕೊಟ್ಟೆ. ಸುತ್ತು ಇನ್ನು ನಿನ್ನಿಂದ್ಲೇ ಸುರು. ಹದಿಮೂರ್ನೇ ಮನೆ ನಂದು."

"ದಾದಾ! ಅದು ಬರೂದು ಹನ್ನೆರಡು ವರ್ಷಕ್ಕೆ. ಆಗ ನಿಂಗೆ ಎಂಬತ್ತೆರಡು."

"ಅಲ್ಲಿ ತನ್ಕ ಬದುಕೂಕೆ ಒಂದು ನೆವ ಆಯ್ತು. ನೀ ಒಳಗೆ ಹೋಗೆ, ಧೂಳು ಬೀಳ್ತದೆ."

ಮಷೀನು ಗುರ್ರೆಂದಿತು. ಗಂಗೂ ಒಳಗೆ ಹೋಗಲಿಲ್ಲ. ಇಪ್ಪತ್ತು ವರ್ಷದ ಹಿಂದೆ ತಾನೇ ಹೊತ್ತ ಕಾಂಕ್ರೀಟಿನ ಬಿಳಿ ಹುಡಿ ತಲೆಯ ಮೇಲೆ ಬೀಳುತ್ತಿದ್ದರೆ, ಸೆರಗು ಬಾಯಿಗೆ ಒತ್ತಿಕೊಂಡು ನಿಂತೇ ಇದ್ದಳು.

ಅತ್ತದ್ದು ಅಷ್ಟೇ ಹೊತ್ತು. ಕೊಕ್ಕೆ ಕೂತ ಮೇಲೆ ಅವಳ ದರ್ಬಾರು ಸುರುವಾಯಿತು. ಫೋನು ಹಿಡಿದು ಕುಟುಂಬದ ಕೊಟ್ಟ ಹೆಣ್ಣುಮಕ್ಕಳನ್ನೆಲ್ಲ ಕರೆದಳು. ಅಂಕೋಲೆಯವರು, ಅಮದಳ್ಳಿಯವರು, ಶಿರವಾಡದವರು, ಎಲ್ಲ ಸೇರಿ ಎಂಟು ಜನ. ಕುಲದವರು ಯಾರೂ ಮುಟ್ಟುವ ಹಾಗಿಲ್ಲ, ಇದು ನಮ್ಮದೇ ಕೆಲಸ, ನಾಳೆ ನಿಮ್ಮ ನಿಮ್ಮ ಮನೆಯ ಪೂಜೆ ಮುಗಿಸಿ ಮಧ್ಯಾಹ್ನ ಒಂದು ಗಂಟೆಯೊಳಗೆ ಬನ್ನಿ ಎಂದು ಅಪ್ಪಣೆ ಮಾಡಿದಳು. ರಂಜನಾ ಮಾತ್ರ ಅತ್ತೆಯನ್ನು ಒಪ್ಪಿಸಿ ಮಧ್ಯಾಹ್ನವೇ ಓಡಿಬಂದಳು. ಸಂಜೆ ಅಳಿಯಂದಿರು ಮುಖಕ್ಕೆ ಬಟ್ಟೆ ಮುಚ್ಚಿದ ಗಣಪತಿಯನ್ನು ಮಾಬ್ಲೇಶ್ವರನಲ್ಲಿಂದ ಟೆಂಪೋದಲ್ಲಿ ತಂದರು. ಹನ್ನೆರಡು ಮನೆಯ ಗಂಡಸರು ಕಾಡು ತಿರುಗಿ ತಂದ ಕಾಯಿ ಹಣ್ಣುಗಳನ್ನು ಗೇಟಿನ ಹೊರಗಿಟ್ಟು ಸರಿದು ನಿಂತರು. ನಾಲ್ಕು ಕೊಡ ನೀರು ಸುರಿದರೆ ಹಣ್ಣಿಗೆ ಅಮೆಯಿಲ್ಲ ಎಂದು ಗಂಗೂನೇ ತೀರ್ಪು ಕೊಟ್ಟಳು. ಭಟ್ಟರನ್ನು ಕೇಳಬೇಕೆಂದು ಯಾರಿಗೂ ಅನಿಸಲಿಲ್ಲ.

ಚೌತಿಯ ದಿನ ಅಂಗಳದಲ್ಲಿ ಶಾಮಿಯಾನ, ಮೆಟ್ಟಿಲಿನ ಮುಂದೆ ರಂಗೋಲಿಯ ಒಂದು ಗೆರೆ. ಗೆರೆಯ ಆಚೆ ಅರವತ್ತು ಜನ ಕೈಕಟ್ಟಿ ನಿಂತಿದ್ದಾರೆ. ರಾಮನಾಥನಿಗೆ ಜೀವಮಾನದಲ್ಲೇ ಮೊದಲ ಬಾರಿ ಚೌತಿಯಲ್ಲಿ ಮಾಡಲು ಕೆಲಸವಿಲ್ಲ. ಸಿಂಗಾರ ಸ್ವಲ್ಪ ಎಡಕ್ಕೆ ಎನ್ನುತ್ತ ಮುಂದೆ ಬರುತ್ತಿದ್ದ.

"ದಾದಾ, ಗೆರೆ ದಾಟ್ಬೇಡ!"

ಈ ಮಾತನ್ನು ಗಂಗೂ ಹತ್ತು ಸಲವಾದರೂ ಹೇಳಿರಬೇಕು. ಅಗತ್ಯವಿದ್ದದ್ದು ಮೂರು ಸಲ. ಉಳಿದದ್ದು ಸುಖಕ್ಕೆ.

ಒಳಗೆ ಅವಳು, ರಂಜನಾ ಸೇರಿ ಪಂಚಕಜ್ಜಾಯ, ಅರಿಶಿನ ಎಲೆಯ ಕಡುಬು, ಎಣ್ಣೆಯಲ್ಲಿ ಕರಿದ ನೇವರಿ ಎಲ್ಲ ಮಾಡಿ ಮುಗಿಸಿದ್ದರು. ಹನ್ನೆರಡೂವರೆಗೆ ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ರಿಕ್ಷಾದಿಂದ ಇಳಿದರು, ಗೆರೆ ದಾಟಿ ಸೀದಾ ಒಳಗೆ ಬಂದರು. ಎಲ್ಲರಿಗಿಂತ ಹಿರಿಯಳು ಅಮದಳ್ಳಿಯ ಹೊನ್ನು. ಎಪ್ಪತ್ತೈದು ವರ್ಷ, ಕೈಯಲ್ಲಿ ಕೋಲು. ಫಲಾವಳಿಯ ಕೆಳಗೆ ನಿಂತು ತಲೆಯೆತ್ತಿ ಬಹಳ ಹೊತ್ತು ನೋಡಿದಳು.

"ಮದ್ವೆ ಆದ್ಮೇಲೆ ಚೌತಿ ದಿನ ತವರಿನ ಗಣಪತಿ ಮುಖ ನಾ ಕಂಡದ್ದೇ ಇಲ್ಲ ಗಂಗೂ. ಐವತ್ತಾರು ವರ್ಷ ಆಯ್ತು. ಕಾಣೂದಿಲ್ಲ ಅಂತ್ಲೇ ಮಾಡಿದ್ದೆ."

ಗಂಗೂ ಅವಳನ್ನು ಕೈಹಿಡಿದು ಗಣಪತಿಯ ಎದುರಿಗೆ, ಎಲ್ಲರಿಗಿಂತ ಮುಂದೆ ಕೂರಿಸಿದಳು. ಅಂಗಳದಲ್ಲಿ ಸಂದೇಶ ಫೋನು ಎತ್ತಿ ಹಿಡಿದು ಆಸ್ಪತ್ರೆಯಲ್ಲಿದ್ದ ನಮಿತಾಗೆ ಎಲ್ಲ ತೋರಿಸುತ್ತಿದ್ದ. ಇಷ್ಟೆಲ್ಲ ಗದ್ದಲ ಎಬ್ಬಿಸಿದ ಕೂಸು ಅವಳ ಮಗ್ಗುಲಲ್ಲಿ ಬಾಯಿ ತೆರೆದು ನಿದ್ದೆ ಹೋಗಿತ್ತು.

ಭಟ್ಟರು ಬಂದು ಗಂಗೂನನ್ನು ಮಣೆಯ ಮೇಲೆ ಕೂರಿಸಿದರು. ಸಂಕಲ್ಪ ನಿಮ್ಮದು, ಪೂಜೆ ನಾನು ಮಾಡುತ್ತೇನೆ ಎಂದು ಹೇಳಿ ಅವಳ ಅಂಗೈಗೆ ಅಕ್ಷತೆ ಹಾಕಿದರು. ಮಂತ್ರ ಹೇಳುತ್ತ ಹೇಳುತ್ತ ಭಟ್ಟರು ನಿಲ್ಲಿಸಿದರು.

"ಮನೆಯ ಯಜಮಾನರ ಹೆಸರು?"

ಗಂಗೂ ಬಾಯಿ ತೆರೆದಳು. ಮನೆ ಯಾರದೇ ಇರಲಿ, ಹಿರಿಯನೆಂದು ಪ್ರತಿ ಚೌತಿಯಲ್ಲೂ ಮೊದಲು ಹೇಳುತ್ತಿದ್ದ ಹೆಸರೊಂದಿತ್ತು. ಅಷ್ಟು ವರ್ಷ ಬೇರೆಯವರ ಪಡಸಾಲೆಯ ಮೂಲೆಯಲ್ಲಿ ನಿಂತು ಕೇಳಿದ್ದೇ ನಾಲಿಗೆಗೆ ಬಂತು.

"ರಾಮನಾಥ," ಅಂದಳು.

ಭಟ್ಟರು ನೀರು ಬಿಡಲು ಉದ್ಧರಣೆ ಎತ್ತಿದ್ದರು. ಅಷ್ಟರಲ್ಲಿ ಅಂಗಳದಿಂದ ಒಂದು ಕೂಗು ಕೇಳಿತು.

"ನಿಲ್ಸಿ ಭಟ್ರೇ! ಹೆಸ್ರು ತಪ್ಪಿತು!"

ರಾಮನಾಥ ಗೆರೆಯ ತುದಿಗೆ ಬಂದು ನಿಂತಿದ್ದ. ಅವನ ಕತ್ತಿನ ನರ ಉಬ್ಬಿತ್ತು.

"ರಾಮನಾಥನ ಮನೆ ಆಚೆಗದೆ. ಇದು ಗಂಗೂನ ಮನೆ. ಗಂಗೂ ಅಂತ ಹೇಳಿ. ಇಲ್ಲಿ ನಿಂತವ್ರಿಗೆಲ್ಲ ಕೇಳೂ ಹಾಂಗೆ ಹೇಳಿ."

ಭಟ್ಟರು ನಕ್ಕು, ಗಂಟಲು ಸರಿಮಾಡಿಕೊಂಡು, ಸಂಕಲ್ಪವನ್ನು ಮೊದಲಿನಿಂದ ಹಿಡಿದರು. ಹೆಸರಿನ ಜಾಗ ಬಂದಾಗ ದನಿ ಎತ್ತಿದರು. ಅರವತ್ತು ಜನರೂ ಕೇಳಿಸಿಕೊಂಡರು. ಗಂಗೂ ಅಂಗೈ ಚಾಚಿದಳು, ಭಟ್ಟರು ಅದಕ್ಕೆ ನೀರು ಬಿಟ್ಟರು.